ಅಮೈಲಾಯ್ಡ್ ಹೃದಯದಲ್ಲಿ ಹೆಪ್ಪು ಹುಡುಕುವುದು: ನನ್ನ ಅನುಭವ

"ಲಯ ಸೈನಸ್ (ಸಹಜ) ಇದೆ, ಹೆಪ್ಪು ಎಲ್ಲಿಂದ ಬರಬೇಕು?" ಎಂದು ನಕ್ಕವರೇ ಈಗ ಟಿಇಇಗೆ (ಅನ್ನನಾಳಕ್ಕೆ ಪ್ರೋಬ್ ಇಳಿಸಿ ಹೃದಯ ನೋಡುವ ಎಕೋ) ಅಮೈಲಾಯ್ಡ್ ರೋಗಿಗಳನ್ನು ಕಳಿಸುತ್ತಿದ್ದಾರೆ. ಅದಕ್ಕೇ ಈ ಬರಹ.

ಅಮೈಲಾಯ್ಡ್ (ಅಂಗಗಳಲ್ಲಿ ಶೇಖರವಾಗುವ ಅಸಹಜ ಪ್ರೋಟೀನು) ಕೂತ ಏಟ್ರಿಯಂನಲ್ಲಿ, ಅಂದರೆ ಹೃದಯದ ಮೇಲಿನ ಕೋಣೆಯಲ್ಲಿ, ಇಸಿಜಿಯ ಪಿ ಅಲೆ (ಏಟ್ರಿಯಂನ ವಿದ್ಯುತ್ ಗುರುತು) ಚೆನ್ನಾಗಿದ್ದರೂ ಗೋಡೆ ಹಿಂಡದೇ ಇರಬಹುದು. ಹಾಗಾಗಿ ಮೊದಲು ಮೈಟ್ರಲ್ ಡಾಪ್ಲರ್‌ನ ಎ ಅಲೆ (ಏಟ್ರಿಯಂ ಹಿಂಡಿದಾಗ ಮೈಟ್ರಲ್ ಕವಾಟದ ಮೂಲಕ ಹರಿಯುವ ರಕ್ತದ ಗುರುತು) ನೋಡುತ್ತೇನೆ. ಸೈನಸ್ ಲಯದಲ್ಲೂ ಅದು ಕುಗ್ಗಿದ್ದರೆ ನೇರ ಟಿಇಇ. ಸ್ಟ್ರೋಕ್ ಸ್ಕೋರ್ (ಪಾರ್ಶ್ವವಾಯುವಿನ ಅಪಾಯ ಅಳೆಯುವ ಅಂಕ) ಕಡಿಮೆ ಇದೆಯೆಂದು ಬಿಡುವುದಿಲ್ಲ, ಈ ರೋಗದಲ್ಲಿ ಆ ಲೆಕ್ಕ ನೆಚ್ಚುವಂಥದ್ದಲ್ಲ.

ಎಡ ಅಪೆಂಡೇಜನ್ನು (ಏಟ್ರಿಯಂಗೆ ಅಂಟಿದ ಸಣ್ಣ ಚೀಲ) 0, 45, 90, 135 ಡಿಗ್ರಿಗಳಲ್ಲಿ ನೋಡಿ, ಬಾಯಿಂದ ಸುಮಾರು 1 ಸೆಂ.ಮೀ. ಒಳಗೆ ಪಲ್ಸ್ ಡಾಪ್ಲರ್ ಇಡುತ್ತೇನೆ. ಅಲ್ಲಿ ರಕ್ತದ ವೇಗ ಸೆಕೆಂಡಿಗೆ 40 ಸೆಂ.ಮೀ.ಗಿಂತ ಇಳಿದರೆ ಎಚ್ಚರ. 20ಕ್ಕಿಂತ ಇಳಿದರೆ ಏನೂ ಕಾಣದಿದ್ದರೂ ಇನ್ನೊಮ್ಮೆ ಹುಡುಕಾಟ. ಬಲ ಅಪೆಂಡೇಜನ್ನು ಮರೆಯುವವರೇ ಹೆಚ್ಚು. ಗೋಡೆಯ ಜೊತೆ ಅಲುಗಿದರೆ ಸ್ನಾಯು, ಇಲ್ಲದಿದ್ದರೆ ಹೆಪ್ಪು ಎಂಬ ಹಳೆಯ ಗುರುತು ಇಲ್ಲಿ ನಡೆಯದು, ಗೋಡೆಯೇ ಅಲುಗುವುದಿಲ್ಲವಲ್ಲ! ಅನುಮಾನವಿದ್ದರೆ ಎಕೋ ಕಾಂಟ್ರಾಸ್ಟ್ (ಎಕೋದಲ್ಲಿ ರಕ್ತವನ್ನು ಬೆಳಗಿಸುವ ಇಂಜೆಕ್ಷನ್) ಕೊಡಿ: ಹೆಪ್ಪು ಕಪ್ಪಾಗಿಯೇ ಉಳಿಯುತ್ತದೆ. ಎಎಲ್ (ಪ್ಲಾಸ್ಮಾ ಕೋಶಗಳ ಪ್ರೋಟೀನಿನಿಂದಾಗುವ ಅಮೈಲಾಯ್ಡ್ ಬಗೆ) ರೋಗಿಯಾದರೆ ಪ್ರೋಬ್ ಇಳಿಸುವ ಮೊದಲೇ ಫ್ಯಾಕ್ಟರ್ 10 (ರಕ್ತ ಹೆಪ್ಪುಗಟ್ಟಿಸುವ ಅಂಶ) ಮತ್ತು ನಾಲಿಗೆಯ ಗಾತ್ರ ನೋಡಿಕೊಳ್ಳಿ, ಮಂಪರಿನ ಔಷಧ ಅಳೆದು ಕೊಡಿ. ಬಿಪಿ ದಿಢೀರನೆ ಕುಸಿಯುತ್ತದೆ.

ದುಡ್ಡು ಹಾಳಾದದ್ದು ಸಿಟಿ ಸ್ಕ್ಯಾನ್‌ನಲ್ಲಿ. ಮೊದಲ ಹಂತದ ಚಿತ್ರದಲ್ಲಿ ಅಪೆಂಡೇಜಿನ ತುದಿ ಕಪ್ಪು, ವರದಿಯಲ್ಲಿ 'ಹೆಪ್ಪು'. ಟಿಇಇಯಲ್ಲಿ ನೋಡಿದರೆ ಬರೀ ಹೊಗೆ (ನಿಧಾನವಾಗಿ ಸುಳಿಯುವ ರಕ್ತ). ರಕ್ತ ನಿಧಾನವಾದ್ದರಿಂದ ಡೈ ಅಲ್ಲಿಗೆ ತಲುಪಿರಲೇ ಇಲ್ಲ. ಮತ್ತೊಂದು ದಿನ ಮತ್ತೆ ಡೈ, ಮತ್ತೆ ಬಿಲ್, ಮೊದಲೇ ಸೋತ ಕಿಡ್ನಿಗೆ ಮತ್ತೆ ಹೊಡೆತ. ಈಗ ಅದೇ ಇಂಜೆಕ್ಷನ್‌ನಲ್ಲಿ, ಒಂದು ನಿಮಿಷ ಕಳೆದ ಮೇಲೆ, ಅಪೆಂಡೇಜಿನಷ್ಟಕ್ಕೇ ಎರಡನೇ ಸ್ಕ್ಯಾನ್. ಆಗಲೂ ಕಪ್ಪಾಗಿದ್ದರೆ ಹೆಪ್ಪೇ ಎನ್ನಬಹುದು. ಯಾರಿಗೆ ಇನ್ನೆಷ್ಟು ಸೆಕೆಂಡು ಕಾಯುತ್ತೇನೆ ಎಂಬ ಲೆಕ್ಕ ಸದ್ಯ ನನ್ನಲ್ಲೇ ಇರಲಿ.

ಎಂಆರ್‌ಐಯಲ್ಲೂ ಕೈಯಾಡಿಸಿದೆ. ಅಮೈಲಾಯ್ಡ್ ಸ್ನಾಯುವನ್ನು ಕಪ್ಪು ಮಾಡುವ ಟಿಐ (ಇನ್ವರ್ಷನ್ ಸಮಯ, ಚಿತ್ರದಲ್ಲಿ ಯಾವುದು ಕಪ್ಪಾಗಬೇಕೆಂದು ನಿರ್ಧರಿಸುವ ಸೆಟ್ಟಿಂಗ್) ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತದೆ, ರಕ್ತವೂ ಕಪ್ಪಾಗಿ ಹೆಪ್ಪು ಅದರಲ್ಲೇ ಅಡಗುತ್ತದೆ. ಗ್ಯಾಡೊಲಿನಿಯಂ (ಎಂಆರ್‌ಐ ಡೈ) ಕೊಟ್ಟ ಮೊದಲ ಕೆಲವೇ ನಿಮಿಷಗಳಲ್ಲಿ ಟಿಐ 600 ಮಿಲಿಸೆಕೆಂಡಿನ ಆಸುಪಾಸಿಗೆ ಏರಿಸಿದರೆ ಉಳಿದದ್ದೆಲ್ಲ ಬೆಳಗುತ್ತದೆ, ಹೆಪ್ಪೊಂದೇ ಕಪ್ಪು. ಆದರೂ ಅಪೆಂಡೇಜಿನ ಸಣ್ಣ ಹೆಪ್ಪಿಗೆ ಟಿಇಇಯೇ ವಾಸಿ.

ತಪ್ಪಿದ ಲಯ ಸರಿಪಡಿಸಲು ಶಾಕ್ (ಕಾರ್ಡಿಯೋವರ್ಷನ್) ಕೊಡುವ ಮುಂಚೆ ಮೂರು ವಾರ ರಕ್ತ ತೆಳುಮಾಡುವ ಮಾತ್ರೆ ನುಂಗಿಸಿದ್ದೇವೆ, ಸಾಕು ಎನ್ನುವವರಿಗೆ: ಅಮೆರಿಕದ ಮೇಯೊ ಕ್ಲಿನಿಕ್‌ನ 2019ರ ವರದಿಯಲ್ಲಿ ಅಮೈಲಾಯ್ಡ್ ರೋಗಿಗಳಲ್ಲಿ ಕಾರ್ಡಿಯೋವರ್ಷನ್ ರದ್ದಾದದ್ದು ನನ್ನ ನೆನಪಿನಂತೆ ಶೇ. 28, ಉಳಿದವರಲ್ಲಿ ಶೇ. 7. ಹೆಚ್ಚಿನವಕ್ಕೆ ಕಾರಣ ಹೆಪ್ಪೇ. ಮಾತ್ರೆ ತಪ್ಪದೆ ತಿಂದವರೂ ಅದರಲ್ಲಿದ್ದರು. ನಾನಂತೂ ಪ್ರತಿ ಶಾಕ್‌ಗೂ ಅದೇ ದಿನ ಟಿಇಇ ಮಾಡುತ್ತೇನೆ, ಕಳೆದ ತಿಂಗಳದ್ದು ಶುಭ್ರವಾಗಿದ್ದರೂ.