ಅಥೀನಿಯಂನ 75 ಮೀಟರ್ ಚಿತ್ರ ನನ್ನ ಮಡಿಕೆ ಪುಸ್ತಕಕ್ಕೆ ಇಳಿದದ್ದು

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನ ಸಂಗೀತ ಸಭಾಂಗಣ ರೊಮೇನಿಯನ್ ಅಥೀನಿಯಂ ಒಳಗೆ ಗೋಡೆ ಸುತ್ತ ಒಂದು ಚಿತ್ರವಿದೆ. 75 ಮೀಟರ್ ಉದ್ದ, 3 ಮೀಟರ್ ಎತ್ತರ. ಕಾನ್ಸರ್ಟ್ ನಡೆಯುವಾಗಲೇ ಕೂತು ಅಷ್ಟನ್ನೂ ಸ್ಕೆಚ್ ಮಾಡುತ್ತೇನೆ ಅಂದೆ. ಗೆಳೆಯರು ಯಾರೂ ನಂಬಲಿಲ್ಲ. ಫೋಟೋ ತೆಗೆದುಕೊಂಡು ರೂಮಿನಲ್ಲಿ ಕೂತು ಬರಿ ಅಂದರು. ಈಗ ಪುಸ್ತಕ ನನ್ನ ಮುಂದಿದೆ, ಒಂದೇ ಉದ್ದ ಕಾಗದವನ್ನು ಮಡಿಸಿ ಮಡಿಸಿ ಮಾಡಿದ್ದು. ಫೋಟೋ ಒಂದೂ ಇಲ್ಲ.

75ಕ್ಕೆ 3 ಅಂದರೆ 25ಕ್ಕೆ 1. ಕೊಸ್ಟಿನ್ ಪೆಟ್ರೆಸ್ಕು 1938ರಲ್ಲಿ ಮುಗಿಸಿದ ಈ ಚಿತ್ರದಲ್ಲಿ ದೃಶ್ಯಗಳೂ 25. ಹಾಗಾಗಿ 10 ಸೆಂ.ಮೀ. ಚೌಕದ 25 ಮಡಿಕೆ, ಮಡಿಕೆಗೊಂದು ದೃಶ್ಯ ಅಂದುಕೊಂಡೆ. ಅಲ್ಲೇ ಎಡವಿದೆ. ರೋಮನ್ ಚಕ್ರವರ್ತಿ ಟ್ರೇಜನ್ ಡೇಸಿಯಾಕ್ಕೆ, ಅಂದರೆ ಪ್ರಾಚೀನ ಕಾಲದ ಈ ನಾಡಿಗೆ, ಬರುವುದರಿಂದ ಶುರುವಾಗಿ ಕಥೆ ಒಂದೇ ಸಮನೆ ಹರಿಯುತ್ತದೆ. ಒಬ್ಬ ರಾಜನ ದಂಡು ಮುಗಿಯುವಲ್ಲಿ ಇನ್ನೊಬ್ಬನ ಜನ ನಿಂತಿರುತ್ತಾರೆ. ಮಡಿಕೆಗೆ ಗೆರೆ ಹಾಕಿಕೊಂಡಿದ್ದ ಮೊದಲ ಪುಸ್ತಕ ಪೂರ್ತಿ ಹಾಳಾಯಿತು.

ದುಡ್ಡೂ ಹೋಯಿತು. ಮೊದಲ ಸಲ ಸುಮಾರು 120 ಲೇಯ್ (ಅಲ್ಲಿನ ಹಣ; ಒಂದಾದರೆ ಲೆಯು) ಕೊಟ್ಟು ಮುಂದಿನ ಸಾಲಿನಲ್ಲಿ ಕೂತೆ. ಹಾಲ್ ದುಂಡಗಿದೆ ಅಲ್ವಾ, ಚಿತ್ರದ ಮುಕ್ಕಾಲು ಪಾಲು ಬೆನ್ನ ಹಿಂದೆ! ಪದೇ ಪದೇ ಹಿಂದೆ ತಿರುಗಿದರೆ ಹಿಂದಿನವರಿಗೆ ಕಿರಿಕಿರಿ. ಪೆನ್ಸಿಲ್ ಕೆರೆಯುವ ಸದ್ದು ಬೇರೆ. ಪಕ್ಕದ ಹಿರಿಯರೊಬ್ಬರು ಮೆಲ್ಲಗೆ ನನ್ನ ಕೈ ಹಿಡಿದು ನಿಲ್ಲಿಸಿದರು. ಅವರು ಮಾಡಿದ್ದು ಸರಿ.

ದಾರಿ ಹೊಳೆದದ್ದು ಬಾಕ್ಸ್ ಸೀಟಿನಲ್ಲಿ, ಅಂದರೆ ಗೋಡೆಯ ಸುತ್ತ ಇರುವ ಪುಟ್ಟ ಗೂಡುಗಳಲ್ಲಿ. ಚಿತ್ರ ಇರುವುದು ಬಾಕ್ಸ್‌ಗಳ ಮೇಲೆ. ನಮ್ಮ ತಲೆ ಮೇಲಿನದು ಕಾಣುವುದಿಲ್ಲ, ಆದರೆ ಎದುರಿನ ಅರ್ಧ ಕತ್ತು ತಿರುಗಿಸದೆ ಕಾಣುತ್ತದೆ. ಆ ವಾರ ಗುರುವಾರ, ಶುಕ್ರವಾರ ಎರಡೂ ಸಂಜೆ ಒಂದೇ ಕಾರ್ಯಕ್ರಮವಿತ್ತು. ಒಂದು ದಿನ ಎಡಗಡೆ ಬಾಕ್ಸ್, ಮರುದಿನ ಬಲಗಡೆ. ಎರಡೂ ಸೇರಿ 150 ಲೇಯ್ ಆಸುಪಾಸು.

ಇನ್ನು ಸದ್ದು. ಜರ್ಮನ್ ಸಂಗೀತಗಾರ ಬ್ರಾಮ್ಸ್‌ನ ನಾಲ್ಕನೇ ಸಿಂಫನಿ ಇತ್ತು, ನಾಲ್ಕು ಭಾಗಗಳ ವಾದ್ಯವೃಂದ ಕೃತಿ. ಹಿಂದಿನ ವಾರವೆಲ್ಲ ಅದನ್ನೇ ಕೇಳಿ, ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಅಂತ ಚೀಟಿ ಮಾಡಿಕೊಂಡಿದ್ದೆ. ಎರಡನೇ ಭಾಗದಲ್ಲಿ ಬರೀ ನೋಡುವುದು. ಮೂರನೆಯದು ಟ್ರಯಾಂಗಲ್ ಎಂಬ ಲೋಹದ ತ್ರಿಕೋನ ವಾದ್ಯ ಸಮೇತ ಅಬ್ಬರ, ಆರು ನಿಮಿಷ ಸಿಗುತ್ತದೆ. ಕಪ್ಪು ತುಂಬುವುದೆಲ್ಲ ಆಗಲೇ. ಕೊನೆಯ ಭಾಗದಲ್ಲಿ ಒಂಟಿ ಕೊಳಲು ಬಂದಾಗ ಪೆನ್ಸಿಲ್ ಕೆಳಗಿಟ್ಟುಬಿಡಬೇಕು. ಅಲ್ಲಿ ಬರೆಯಲು ಮನಸ್ಸೂ ಬರುವುದಿಲ್ಲ. ಮೆತ್ತಗಿನ, ಗಾಢ ಕಪ್ಪಿನ 6ಬಿ ಪೆನ್ಸಿಲ್ ಸಾಕು. ಕಾಗದ ಯಾವುದು, ಮಬ್ಬು ಬೆಳಕಿನಲ್ಲಿ ಗೆರೆ ಎಲ್ಲಿದೆ ಅಂತ ಬೆರಳಿಗೆ ತಿಳಿಯುವ ಹಾಗೆ ಮಾಡಿಕೊಂಡದ್ದು ಹೇಗೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ. 5 ಲೇಯ್ ನೋಟಿನ ಒಂದು ಕಡೆ ಸಂಗೀತಗಾರ ಜಾರ್ಜ್ ಎನೆಸ್ಕು, ಇನ್ನೊಂದು ಕಡೆ ಇದೇ ಕಟ್ಟಡ. ನೋಟು ಹಿಡಿದು ಹೊರಗಿನ ತೋಟದಲ್ಲಿ ನಿಂತು ಕಂಬ, ಗುಮ್ಮಟದ ಅಳತೆ ತಾಳೆ ನೋಡಿದೆ. ಗುಮ್ಮಟ 41 ಮೀಟರ್ ಎತ್ತರ. ಹತ್ತಿರ ಹೋದಷ್ಟೂ ಕಂಬಗಳ ಹಿಂದೆ ಕುಗ್ಗುತ್ತದೆ. ರಸ್ತೆ ದಾಟಿ ದೂರ ನಿಂತರೇ ಸರಿ. 1888ರ ಈ ಕಟ್ಟಡಕ್ಕೆ "ಅಥೀನಿಯಂಗೆ ಒಂದು ಲೆಯು ಕೊಡಿ" ಅಂತ ಜನರಿಂದ ದುಡ್ಡು ಕೂಡಿಸಿದ್ದರು. ಆ ಸ್ಕೆಚ್‌ನ ಮೂಲೆಗೆ ಒಂದು ಲೆಯು ನೋಟು ಅಂಟಿಸಿದ್ದೇನೆ.

ಶುಕ್ರವಾರ ಕೊನೆಗೆ ಉಳಿದದ್ದು 1918ರಲ್ಲಿ ರೊಮೇನಿಯನ್ನರ ನಾಡುಗಳು ಒಂದಾದ ಏಕೀಕರಣದ ದೃಶ್ಯ. ಆ ಏಕೀಕರಣಕ್ಕೆ 1919ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟದ್ದು ಇದೇ ಹಾಲ್‌ನಲ್ಲಿ. ಅದನ್ನು ನೆನೆದು ಕೈ ಸ್ವಲ್ಪ ನಡುಗಿತು, ಎರಡು ಮುಖ ಸೊಟ್ಟಗಾಗಿವೆ. ತಿದ್ದಿಲ್ಲ. ಚಪ್ಪಾಳೆ ಶುರುವಾದಾಗ ಇನ್ನೂ ಅರ್ಧ ಮಡಿಕೆ ಬಾಕಿ ಇತ್ತು. ಚಪ್ಪಾಳೆಯ ಸದ್ದಿನಲ್ಲೇ ಮುಗಿಸಿದೆ.