ಕಾಲೂರದೆ ಕಲ್ಲು ದಾಟುವ ಆಟ: ಟ್ರಯಲ್ಸ್ ಬೈಕ್ ಸವಾರಿ ಶುರು ಮಾಡುವುದು ಹೇಗೆ?

ಬೈಕ್ ಸ್ಪರ್ಧೆ ಅಂದ ಕೂಡಲೇ ಕಣ್ಣ ಮುಂದೆ ಬರುವುದು ವೇಗ ಮತ್ತು ಧೂಳು. ಟ್ರಯಲ್ಸ್‌ನಲ್ಲಿ ಎರಡೂ ಇಲ್ಲ. ಪಕ್ಕದಲ್ಲಿ ನಡೆದು ಬರುವವರೇ ಬೈಕನ್ನು ಹಿಂದೆ ಹಾಕಬಹುದು, ಅಷ್ಟು ನಿಧಾನ. ದಾರಿಯಲ್ಲಿ ಬಂಡೆ, ಬೇರು, ಕೆಸರು, ಹಳ್ಳ. ಕಾಲು ನೆಲಕ್ಕೆ ತಾಗಿಸದೆ ಅದನ್ನೆಲ್ಲ ದಾಟಬೇಕು. ಆಟ ಇಷ್ಟೇ.

ಇದು ಇವತ್ತಿನ ಹುಚ್ಚಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಸ್ಕಾಟ್ ಮೋಟರ್‌ಸೈಕಲ್ ಕಂಪನಿಯ ಆಲ್ಫ್ರೆಡ್ ಸ್ಕಾಟ್ ತಮ್ಮ ಕೆಲಸಗಾರರಿಗಾಗಿ 1914ರಲ್ಲಿ ಶುರು ಮಾಡಿದ ಸ್ಕಾಟ್ ಟ್ರಯಲ್ ಇವತ್ತಿಗೂ ನಡೆಯುತ್ತಿದೆ. ಹವ್ಯಾಸಕ್ಕೆ ಇಳಿಯುವವರಿಗೆ ಈ ಆಟದಲ್ಲಿ ಒಂದು ದೊಡ್ಡ ಅನುಕೂಲ ಇದೆ. ವೇಗ ಕಡಿಮೆ ಆದ್ದರಿಂದ ಬಿದ್ದರೂ ಪೆಟ್ಟು ಸಾಮಾನ್ಯವಾಗಿ ಸಣ್ಣದು. ಹದಿನಾರರ ಹುಡುಗಿಯೂ ಅರವತ್ತು ದಾಟಿದವರೂ ಒಂದೇ ದಿನ, ಒಂದೇ ಜಾಗದಲ್ಲಿ ಆಡಬಹುದು.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳಿ

ಸ್ಪರ್ಧೆಯ ಜಾಗವನ್ನು ಸಣ್ಣ ಸಣ್ಣ ತುಂಡುಗಳಾಗಿ ಗುರುತು ಮಾಡಿರುತ್ತಾರೆ. ಒಂದೊಂದಕ್ಕೂ ಸೆಕ್ಷನ್ ಎನ್ನುತ್ತಾರೆ. ಎರಡೂ ಕಡೆ ಗುರುತಿನ ಫಲಕ ಅಥವಾ ಟೇಪ್, ಶುರುವಿಗೊಂದು ಫಲಕ, ಕೊನೆಗೊಂದು ಫಲಕ. ಮುಂದಿನ ಚಕ್ರದ ಆಕ್ಸಲ್ ಮೊದಲ ಫಲಕ ದಾಟಿತೋ, ಲೆಕ್ಕ ಶುರು. ಕೊನೆಯ ಫಲಕ ದಾಟಿದರೆ ಮುಗಿಯಿತು. ಪಕ್ಕದಲ್ಲಿ ಅಬ್ಸರ್ವರ್ ಒಬ್ಬರು ಕಣ್ಣಿಟ್ಟು ನಿಂತಿರುತ್ತಾರೆ.

ಇಲ್ಲಿ ಅಂಕ ಅಂದರೆ ದಂಡ. ಒಮ್ಮೆ ಕಾಲೂರಿದರೆ 1. ಎರಡು ಸಲ ಊರಿದರೆ 2. ಮೂರು ಸಲ ಊರಿದರೂ ಹತ್ತು ಸಲ ಊರಿದರೂ 3. ಬೈಕ್ ಬಿದ್ದರೆ, ಗಡಿ ದಾಟಿದರೆ, ಕಾಲೂರಿ ನಿಂತಾಗ ಎಂಜಿನ್ ಆಫ್ ಆದರೆ 5. ಒಮ್ಮೆಯೂ ಊರದೆ ದಾಟಿದರೆ ಸೊನ್ನೆ, ಅದಕ್ಕೆ 'ಕ್ಲೀನ್' ಎನ್ನುತ್ತಾರೆ. ದಿನದ ಕೊನೆಗೆ ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂತೆ. ಹತ್ತು ಸೆಕ್ಷನ್, ನಾಲ್ಕು ಸುತ್ತು ಇದ್ದರೆ ಅತಿ ಕೆಟ್ಟ ಮೊತ್ತ 200. ಮೊದಲ ಸ್ಪರ್ಧೆಯಲ್ಲಿ ಅದರ ಅರ್ಧದಷ್ಟು ಬಂದರೂ ಬೇಜಾರು ಬೇಡ.

ಒಂದು ವಿಷಯದಲ್ಲಿ ಮಾತ್ರ ನಿಯಮ ಎಲ್ಲೆಡೆ ಒಂದೇ ಅಲ್ಲ. ಕೆಲವು ಕಡೆ ಕಾಲೂರದೆ ಸೆಕ್ಷನ್ ನಡುವೆ ನಿಲ್ಲಬಹುದು. ಕೆಲವು ಕಡೆ ನಿಂತರೆ ಸೀದಾ 5. ಹೆಸರು ಕೊಡುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಅಭ್ಯಾಸ ಮಾಡುವ ರೀತಿಯೇ ಇದರ ಮೇಲೆ ನಿಂತಿದೆ.

ಬೈಕ್ ಕೊಳ್ಳುವ ಮುಂಚೆ ಒಂದು ದಿನ ಸುಮ್ನೆ ನಿಂತು ನೋಡಿ

ಹತ್ತಿರದ ಕ್ಲಬ್ ಹುಡುಕಿ, ಒಂದು ಸ್ಪರ್ಧೆಗೆ ಅಬ್ಸರ್ವರ್ ಆಗಿ ಬರುತ್ತೇನೆ ಅನ್ನಿ. ಬೇಡ ಅನ್ನುವ ಕ್ಲಬ್ ಸಿಗುವುದು ಕಷ್ಟ. ಈ ಆಟ ನಡೆಯುವುದೇ ಇಂಥ ಸಹಾಯದಿಂದ. ಒಂದೇ ಸೆಕ್ಷನ್ ಪಕ್ಕ ಇಡೀ ದಿನ ನಿಂತರೆ ಒಂದೇ ಬಂಡೆಯನ್ನು ಎಷ್ಟೋ ಜನ ಎಷ್ಟೋ ರೀತಿ ಹತ್ತುವುದು ಕಾಣುತ್ತದೆ. ಸದ್ದು ಮಾಡಿಕೊಂಡು ನುಗ್ಗಿದವರು ಅಲ್ಲೇ ಜಾರುತ್ತಾರೆ. ಹಿಂದೆಯೇ ಬಂದ ಹಿರಿಯರೊಬ್ಬರು ಸದ್ದಿಲ್ಲದೆ ಹತ್ತಿ ಹೋಗುತ್ತಾರೆ. ಯಾಕೆ ಅಂತ ನೀವೇ ಕೇಳಿಕೊಳ್ಳುವಿರಿ. ದುಡ್ಡು ಕೊಟ್ಟು ಸೇರುವ ತರಬೇತಿಗಿಂತ ಮೊದಲ ದಿನ ಇದೇ ಜಾಸ್ತಿ ಕಲಿಸುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಬೈಕ್ ಮತ್ತು ಬಟ್ಟೆಬರೆ

ಟ್ರಯಲ್ಸ್ ಬೈಕಿಗೆ ಸೀಟೇ ಇಲ್ಲ. ಇಡೀ ಹೊತ್ತು ನಿಂತೇ ಓಡಿಸುವುದು. ತೂಕ ಸುಮಾರು 65ರಿಂದ 75 ಕೆ.ಜಿ. ಟ್ಯಾಂಕ್ ಎರಡು ಮೂರು ಲೀಟರಿನದು. ಹ್ಯಾಂಡಲ್ ಎರಡೂ ಕಡೆ ಚೆನ್ನಾಗಿ ತಿರುಗುತ್ತದೆ. ಮೊದಲಿನ ಕೆಳ ಗೇರುಗಳು ತುಂಬಾ ನಿಧಾನದವು. ಮುಂದೆ 21 ಇಂಚಿನ ಚಕ್ರ, ಹಿಂದೆ ಮೆತ್ತಗಿನ ರಬ್ಬರಿನ ಅಗಲ ಟೈರ್. 1960ರ ದಶಕದ ನಡುವಿನ ತನಕ ಬ್ರಿಟನ್ನಿನ ಭಾರದ ಫೋರ್‌ಸ್ಟ್ರೋಕ್ ಬೈಕುಗಳದೇ ರಾಜ್ಯ. ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ಸ್ಪೇನಿನ ಬುಲ್ಟಾಕೋ ಕಂಪನಿಯ ಹಗುರ ಟೂಸ್ಟ್ರೋಕ್ ಬೈಕ್ ಶೆರ್ಪಾ ಹತ್ತಿ, ಸ್ಕಾಟ್ಲೆಂಡಿನಲ್ಲಿ ಆರು ದಿನ ನಡೆಯುವ ಟ್ರಯಲ್ಸ್ ಸ್ಪರ್ಧೆ ಸ್ಕಾಟಿಷ್ ಸಿಕ್ಸ್ ಡೇಸ್ ಅನ್ನು 1965ರಲ್ಲಿ ಗೆದ್ದ ಮೇಲೆ ಗಾಳಿ ತಿರುಗಿತು. ಈಗ ಮೊಂಟೆಸಾ, ಗ್ಯಾಸ್‌ಗ್ಯಾಸ್, ಬೀಟಾ, ಶೆರ್ಕೋ, ಟಿಆರ್‌ಎಸ್ ಈ ಕಣದ ಪರಿಚಿತ ಹೆಸರುಗಳು. ಬ್ಯಾಟರಿ ಬೈಕುಗಳೂ ಬಂದಿವೆ. ಸದ್ದಿಲ್ಲದ ಕಾರಣ ಮನೆ ಹತ್ತಿರ ಅಭ್ಯಾಸ ಮಾಡುವವರಿಗೆ ಅವು ವರ.

ಹೊಸಬರು 300 ಸಿಸಿಗೆ ಆಸೆ ಪಡಬೇಡಿ. ಅದರ ಎಳೆತ ಜೋರು. ಕೈ ಸ್ವಲ್ಪ ಜಾಸ್ತಿ ತಿರುಗಿದರೂ ಬೈಕ್ ಕೈ ತಪ್ಪುತ್ತದೆ. ಮೈತೂಕ ಕಡಿಮೆ ಇದ್ದವರಿಗೆ 125, ಉಳಿದವರಿಗೆ 250 ಸಾಕು. ಹಳೆಯ ಬೈಕ್ ಕೊಳ್ಳುವುದಾದರೆ ಎಂಜಿನ್ ಕೆಳಗಿನ ರಕ್ಷಣೆಯ ತಗಡು ನೋಡಿ. ಅದರ ಮೇಲೆ ಗೀರು, ತಗ್ಗು ಇರುವುದು ಸಹಜ. ಬಿರುಕು ಇದ್ದರೆ ಬಿಟ್ಟುಬಿಡಿ. ಚಕ್ರ ಎತ್ತಿ ಅಲ್ಲಾಡಿಸಿ ಬೇರಿಂಗ್ ನೋಡಿ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದಾಗ ಬೈಕ್ ಮುಂದಕ್ಕೆ ಎಳೆಯುತ್ತದೆಯೇ ಅಂತ ಗಮನಿಸಿ. ಕ್ಲಚ್ಚೇ ಈ ಆಟದ ಜೀವ, ಅದರಲ್ಲಿ ರಾಜಿ ಬೇಡ.

ಟೈರಿನ ಗಾಳಿ ಕೇಳಿದರೆ ರಸ್ತೆ ಬೈಕಿನವರಿಗೆ ನಂಬಿಕೆ ಬರುವುದಿಲ್ಲ. ಹಿಂದೆ 4ರಿಂದ 5 ಪಿಎಸ್‌ಐ, ಮುಂದೆ 6ರಿಂದ 7. ಟೈರ್ ಕಲ್ಲಿನ ಮೇಲೆ ಚಪ್ಪಟೆಯಾಗಿ ಕೂತು ಅದನ್ನು ತಬ್ಬಿಕೊಳ್ಳಲಿ ಅಂತ ಹೀಗೆ. ಮಾಮೂಲಿ ಗೇಜಿನಲ್ಲಿ ಇಷ್ಟು ಕಡಿಮೆ ಗಾಳಿ ಸರಿಯಾಗಿ ಕಾಣುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಗೇಜ್ ಒಂದು ಬೇಕೇ ಬೇಕು.

ಹಗುರ ಹೆಲ್ಮೆಟ್, ಬೆರಳಿಗೆ ಬಿಗಿಯಾಗಿ ಕೂರುವ ತೆಳು ಗ್ಲೌಸ್, ಮಂಡಿ ರಕ್ಷೆ, ಟ್ರಯಲ್ಸ್‌ಗೆಂದೇ ಬರುವ ಬೂಟು. ಮೋಟೊಕ್ರಾಸ್ ಬೂಟು ಗಟ್ಟಿ, ಪಾದ ಬಾಗುವುದಿಲ್ಲ. ಇನ್ನೊಂದು ಮುಖ್ಯ ವಸ್ತು ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ. ಇದರ ಇನ್ನೊಂದು ತುದಿಯ ಮ್ಯಾಗ್ನೆಟ್ ಹ್ಯಾಂಡಲ್ ಮೇಲೆ ಕೂರುತ್ತದೆ. ನೀವು ಬಿದ್ದರೆ ದಾರ ಎಳೆದು ಎಂಜಿನ್ ನಿಲ್ಲುತ್ತದೆ. ಬಹಳಷ್ಟು ಸ್ಪರ್ಧೆಗಳಲ್ಲಿ ಇದು ಕಡ್ಡಾಯ. ಅಭ್ಯಾಸಕ್ಕೂ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ಸಪಾಟು ನೆಲದಲ್ಲೇ ತುಂಬಾ ದಿನ ಇರಿ

ಎಲ್ಲರಿಗೂ ಮೊದಲ ವಾರವೇ ಬಂಡೆ ಹತ್ತುವ ಚಪಲ. ತಡೆದುಕೊಳ್ಳಿ. ಒಂದು ಸಪಾಟು ಬಯಲು, ಜಾಗದ ಮಾಲೀಕರ ಒಪ್ಪಿಗೆ, ನಾಲ್ಕು ಕಲ್ಲು ಇದ್ದರೆ ಸಾಕು.

ಮೊದಲ ಪಾಠಕ್ಕೆ ಎಂಜಿನ್ನೂ ಬೇಡ. ಮುಂದಿನ ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಅದರ ಮುಂದೆ ಒಂದು ಇಟ್ಟಿಗೆ ಇಡಿ. ಮುಂದಿನ ಬ್ರೇಕ್ ಹಿಡಿದು ಎರಡೂ ಫುಟ್‌ರೆಸ್ಟ್ ಮೇಲೆ ನಿಲ್ಲಿ. ಮಂಡಿ ಸ್ವಲ್ಪ ಬಾಗಿರಲಿ, ಕಣ್ಣು ದೂರದ ಒಂದು ಗುರುತಿನ ಮೇಲಿರಲಿ. ಕೆಳಗೆ ಚಕ್ರ ನೋಡಿದಿರೋ, ಬಿದ್ದಿರಿ. ಶುರುವಿಗೆ ಎರಡು ಸೆಕೆಂಡ್ ನಿಂತರೆ ಹೆಚ್ಚು. ದಿನಾ ಹತ್ತು ನಿಮಿಷ ಮಾಡುತ್ತಾ ಹೋದರೆ ಮೈ ತಾನಾಗಿ ಕಲಿಯುತ್ತದೆ. ಎಡಕ್ಕೆ ತಿರುಗಿಸಿ ನಿಲ್ಲುವುದು ಬಂದರೆ ಬಲಕ್ಕೂ ಅಷ್ಟೇ ಹೊತ್ತು ಮಾಡಿ. ಎಲ್ಲರಿಗೂ ಒಂದು ಕಡೆ ಸುಲಭ, ಇನ್ನೊಂದು ಕಡೆ ಕಷ್ಟ.

ಆಮೇಲೆ ಹಾಫ್ ಕ್ಲಚ್. ರಸ್ತೆಯಲ್ಲಿ ಹಾಫ್ ಕ್ಲಚ್ ಹಿಡಿದರೆ ಮೆಕ್ಯಾನಿಕ್ ಬೈಯುತ್ತಾರೆ, ಇಲ್ಲಿ ಅದೇ ವಿದ್ಯೆ. ಎಡಗೈಯ ಒಂದೇ ಬೆರಳು ಕ್ಲಚ್ ಮೇಲೆ, ಬಲಗೈಯ ಒಂದೇ ಬೆರಳು ಬ್ರೇಕ್ ಮೇಲೆ, ಉಳಿದ ಬೆರಳು ಹಿಡಿಕೆಗೆ. ಈ ಎರಡು ಬೆರಳು ಸೆಕ್ಷನ್ ಉದ್ದಕ್ಕೂ ಅಲ್ಲಿಂದ ಕದಲಬಾರದು. ಎಂಜಿನ್ ಒಂದೇ ಸಮ ತಿರುಗುತ್ತಿರಲಿ, ವೇಗ ಹೆಚ್ಚು ಕಡಿಮೆ ಮಾಡುವ ಕೆಲಸ ಕ್ಲಚ್ಚಿನದು. ಹಿಂದಿನ ಬ್ರೇಕ್ ಹಗುರಾಗಿ ಒತ್ತಿ ಹಿಡಿದರೆ ಬೈಕ್ ಇನ್ನೂ ಹಿಡಿತಕ್ಕೆ ಬರುತ್ತದೆ. ಇಬ್ಬರಿದ್ದರೆ ಯಾರು ಕೊನೆಗೆ ತಲುಪುತ್ತಾರೋ ಅವರೇ ಗೆದ್ದಂತೆ ಅಂತ ಪಂದ್ಯ ಕಟ್ಟಿ. ನಗುತ್ತಲೇ ಕಲಿತುಬಿಡುತ್ತೀರಿ.

ಮೂರನೆಯದು ತಿರುವು. ರಸ್ತೆಯಲ್ಲಿ ಬೈಕ್ ಜತೆ ನಾವೂ ಒಳಗೆ ವಾಲುತ್ತೇವೆ. ಇಲ್ಲಿ ಬೈಕ್ ಒಳಗೆ, ಮೈ ಹೊರಗೆ. ಎಡಕ್ಕೆ ತಿರುಗುವಾಗ ಬಲಗಾಲಿನ ಫುಟ್‌ರೆಸ್ಟ್ ಮೇಲೆ ತೂಕ ಹಾಕಿ, ಸೊಂಟ ಬಲಕ್ಕೆ ಸರಿಸಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ಬಿಡಿ. ಎರಡು ಕಲ್ಲಿಟ್ಟು ಅದರ ಸುತ್ತ ಇಂಗ್ಲಿಷಿನ 8 ಬರೆಯುತ್ತಾ ಹೋಗಿ, ದಿನ ಕಳೆದಂತೆ ಕಲ್ಲುಗಳನ್ನು ಹತ್ತಿರ ತನ್ನಿ. ಸ್ಪರ್ಧೆಯಲ್ಲಿ ಹೊಸಬರ ಅಂಕ ಹೋಗುವುದು ಜಾಸ್ತಿ ಇಂಥ ತಿರುವಿನಲ್ಲೇ. ಬಂಡೆಯ ಪಾಲು ಆಮೇಲಿನದು.

ಮೊದಲ ದಿಮ್ಮಿ

ಒಂದು ಗೇಣಿಗಿಂತ ದಪ್ಪ ಇರದ ಮರದ ದಿಮ್ಮಿ ಹುಡುಕಿ, ಉರುಳದಂತೆ ಎರಡೂ ಕಡೆ ಕಲ್ಲು ಕೊಡಿ. ನೇರವಾಗಿ ಬನ್ನಿ. ಓರೆಯಾಗಿ ಬಂದರೆ ಚಕ್ರ ಪಕ್ಕಕ್ಕೆ ಜಾರುತ್ತದೆ. ದಿಮ್ಮಿ ಇನ್ನೂ ಸ್ವಲ್ಪ ದೂರ ಇರುವಾಗಲೇ ಮಂಡಿ ಬಗ್ಗಿಸಿ ಕೆಳಗಿಳಿಯಿರಿ, ಮುಂದಿನ ಸ್ಪ್ರಿಂಗ್ ಅದುಮುತ್ತದೆ. ಈಗ ಮೇಲೇಳುತ್ತಾ ಆಕ್ಸಿಲರೇಟರ್ ಒಮ್ಮೆ ಚಿಕ್ಕದಾಗಿ ತಿರುಗಿಸಿ ಕ್ಲಚ್ ಬಿಡಿ. ಮುಂದಿನ ಚಕ್ರ ಹಗುರಾಗಿ ಎದ್ದು ದಿಮ್ಮಿಯ ಮೇಲಂಚಿಗೆ ತಾಗಬೇಕು. ತಾಗಿದ ಕೂಡಲೇ ಆಕ್ಸಿಲರೇಟರ್ ಮುಚ್ಚಿ. ಇಲ್ಲೇ ಎಲ್ಲರೂ ಎಡವುವುದು. ಹಿಂದಿನ ಚಕ್ರಕ್ಕೂ ಎಳೆತ ಬೇಕು ಅನ್ನಿಸುತ್ತದೆ, ಆದರೆ ಬೇಕಾಗಿಲ್ಲ. ಬಂದ ಓಟವೇ ಸಾಕು. ನಿಮ್ಮ ಮೈಯನ್ನು ಮೇಲಕ್ಕೂ ಸ್ವಲ್ಪ ಮುಂದಕ್ಕೂ ತಂದು ಕಾಲಿನ ಭಾರ ಕಡಿಮೆ ಮಾಡಿ, ಹಿಂದಿನ ಚಕ್ರ ತಾನಾಗಿ ಹತ್ತಿ ಇಳಿಯುತ್ತದೆ. ಆಗಲೂ ಎಳೆತ ಕೊಟ್ಟರೆ ಹಿಂದಿನ ಚಕ್ರ ದಿಮ್ಮಿಗೆ ಬಡಿದು ಸವಾರನನ್ನು ಹ್ಯಾಂಡಲ್ ಮೇಲೆ ಎಸೆಯುತ್ತದೆ.

ಏರು ಹತ್ತುವಾಗ ಬೇಕಾದ ಓಟವನ್ನು ಕೆಳಗೇ ಪಡೆಯಿರಿ, ನಡುವೆ ಚಕ್ರ ಸುತ್ತತೊಡಗಿದರೆ ಆಕ್ಸಿಲರೇಟರ್ ತಗ್ಗಿಸಿ. ಇಳಿಜಾರಿನಲ್ಲಿ ಕೆಳ ಗೇರ್, ಮೈ ಹಿಂದಕ್ಕೆ. ಹತ್ತಲಾಗದೆ ನಿಂತರೆ ಮುಂದಿನ ಬ್ರೇಕ್ ಹಿಡಿದು ಬೈಕನ್ನು ಏರಿನ ಕಡೆಗೇ ಮಲಗಿಸಿ. ಉರುಳುವ ಬೈಕನ್ನು ತಡೆದು ಹಿಡಿಯಲು ಹೋಗಬೇಡಿ.

ಸ್ಪರ್ಧೆಯ ದಿನ: ಮೊದಲು ನಡೆಯಿರಿ

ಹೆಸರು ಕೊಡುವಾಗ ಎಲ್ಲಕ್ಕಿಂತ ಸುಲಭದ ವರ್ಗ ಆರಿಸಿ. ಒಂದೇ ಸೆಕ್ಷನ್‌ನಲ್ಲಿ ಬೇರೆ ಬೇರೆ ಬಣ್ಣದ ಬಾಣಗಳಿರುತ್ತವೆ, ಒಂದೊಂದು ವರ್ಗಕ್ಕೆ ಒಂದೊಂದು ದಾರಿ. ನಿಮ್ಮ ಬಣ್ಣ ಯಾವುದು ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಬೇರೆಯವರ ಬಾಣ ಹಿಡಿದು ಹೋದರೂ 5 ಬೀಳುತ್ತದೆ.

ಟ್ರಯಲ್ಸ್‌ನ ಅರ್ಧ ಕೆಲಸ ನಡಿಗೆಯಲ್ಲೇ ಮುಗಿಯುತ್ತದೆ. 2007ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್ ಆಗಿ, ಆಮೇಲೆ ವರ್ಷ ಬಿಡದೆ ಗೆಲ್ಲುತ್ತಾ ಬಂದ ಸ್ಪೇನಿನ ಟೋನಿ ಬೋ ಕೂಡ ಬೈಕ್ ಪಕ್ಕಕ್ಕೆ ನಿಲ್ಲಿಸಿ ಸೆಕ್ಷನ್ ಒಳಗೆ ನಡೆದೇ ನೋಡುವುದು. ಹೊಸಬರು ಮಾತ್ರ ಹೊರಗಿನಿಂದ ಒಮ್ಮೆ ಕಣ್ಣಾಡಿಸಿ ಬೈಕ್ ಹತ್ತಿಬಿಡುತ್ತಾರೆ!

ಒಂದು ಸೆಕ್ಷನ್ ಹೀಗಿದೆ ಅಂದುಕೊಳ್ಳಿ. ಒದ್ದೆ ಹಳ್ಳದೊಳಗೆ ಇಳಿಯಬೇಕು, ಅಲ್ಲೇ ಎಡಕ್ಕೆ ಬಿಗಿ ತಿರುವು, ತಿರುವಿನ ಬಾಯಲ್ಲಿ ಅಡ್ಡ ಬೇರು, ಆಮೇಲೆ ಮಂಡಿ ಎತ್ತರದ ದಿಬ್ಬ. ಕಣ್ಣು ದಿಬ್ಬದ ಮೇಲೇ ನೆಡುತ್ತದೆ. ಆದರೆ ನಡೆದು ನೋಡಿ. ಬೇರನ್ನು ಬೂಟಿನಲ್ಲಿ ಉಜ್ಜಿದರೆ ಸಿಪ್ಪೆ ಸುಲಿದು ಬೆಣ್ಣೆಯಂತೆ ಜಾರುತ್ತದೆ. ತಿರುಗುತ್ತಾ ಅದರ ಮೇಲೆ ಹೋದರೆ ಮುಂದಿನ ಚಕ್ರ ಉಳಿಯುವುದಿಲ್ಲ. ಹಾಗಾದರೆ ಹಳ್ಳದಲ್ಲಿ ಇನ್ನೊಂದು ಅಡಿ ಬಲಕ್ಕೆ ಹೋಗಿ, ತಿರುವು ಮುಗಿಸಿಕೊಂಡು ಬೇರನ್ನು ನೇರವಾಗಿ ದಾಟಬೇಕು. ಆಗ ದಿಬ್ಬಕ್ಕೂ ನೇರ ಬಂದಂತಾಗುತ್ತದೆ. ಬಲಕ್ಕೆ ಅಷ್ಟು ಜಾಗ ಇದೆಯೇ? ಟೇಪ್ ಎಲ್ಲಿದೆ? ನೀರಿನಡಿ ಸಡಿಲ ಕಲ್ಲಿದೆಯೇ? ಕಾಲಿನಲ್ಲಿ ಒತ್ತಿ ನೋಡಿ. ಕೊನೆಯ ಫಲಕದಿಂದ ಹಿಂದಕ್ಕೂ ಒಮ್ಮೆ ನಡೆಯಿರಿ. ದಿಬ್ಬಕ್ಕೆ ಎಲ್ಲಿಂದ ಬರಬೇಕು ಅಂತ ಮೇಲಿನಿಂದ ಕೆಳಗೆ ನೋಡಿದಾಗಲೇ ತಿಳಿಯುವುದು.

ಹಾಗೆಯೇ ಕಾಲೂರುವ ಜಾಗವನ್ನೂ ಮೊದಲೇ ಆರಿಸಿ. ಬೇರಿನ ಹತ್ತಿರ ಜಾರಿದರೆ ಎಡಗಾಲಿಗೆ ಗಟ್ಟಿ ಕಲ್ಲೊಂದು ಸಿಗುತ್ತದೆ ಅಂತ ಗೊತ್ತಿದ್ದರೆ 1ರಲ್ಲೇ ಮುಗಿಯುತ್ತದೆ. ಕ್ಲೀನ್ ಮಾಡಿಯೇ ತೀರುತ್ತೇನೆ ಅಂತ ಹಟ ಹಿಡಿದು 5 ಪಡೆಯುವವರು ಪ್ರತಿ ಸ್ಪರ್ಧೆಯಲ್ಲೂ ಇರುತ್ತಾರೆ, ಅಲ್ವಾ. ಸಮಯ ನೋಡಿ ಒಂದು ಕಾಲನ್ನು ತಾವಾಗಿಯೇ ಊರಿ ಮುಂದೆ ಹೋದವರ ಮೊತ್ತ ಸಂಜೆಗೆ ಕಡಿಮೆ ಇರುತ್ತದೆ.

ಎರಡನೆಯ ಸುತ್ತಿನಲ್ಲೂ ನಡೆಯಿರಿ. ಅಷ್ಟು ಚಕ್ರ ಓಡಾಡಿದ ಮೇಲೆ ಸೆಕ್ಷನ್ ಅದೇ ಆಗಿರುವುದಿಲ್ಲ. ಗಟ್ಟಿ ಮಣ್ಣು ಕೊಚ್ಚೆಯಾಗಿರುತ್ತದೆ, ಹೂತಿದ್ದ ಕಲ್ಲು ಮೇಲೆದ್ದಿರುತ್ತದೆ. ಅಬ್ಸರ್ವರ್ ಕೊಟ್ಟ ಅಂಕದ ಬಗ್ಗೆ ವಾದಕ್ಕೆ ನಿಲ್ಲಬೇಡಿ. ಅವರೂ ಬಿಡುವಿನ ದಿನ ಬಿಟ್ಟು ಬಂದವರೇ.

ಮನೆಗೆ ಬಂದ ಮೇಲೆ

ಅದೇ ದಿನ ತೊಳೆಯಿರಿ, ಒಣಗಿದ ಕೆಸರು ಕಲ್ಲಾಗುತ್ತದೆ. ನೀರಿನ ಜೋರು ಪೈಪನ್ನು ಬೇರಿಂಗ್ ಮತ್ತು ಏರ್ ಫಿಲ್ಟರ್ ಕಡೆ ಹಿಡಿಯಬೇಡಿ. ಫಿಲ್ಟರ್ ಬಿಚ್ಚಿ ತೊಳೆದು, ಒಣಗಿಸಿ, ಅದರ ಎಣ್ಣೆ ಹಾಕಿ. ಚಕ್ರದ ಕಡ್ಡಿಗಳು ಸಡಿಲಾಗಿವೆಯೇ ಅಂತ ಒಂದೊಂದನ್ನೇ ಮುಟ್ಟಿ ನೋಡಿ. ಚೇನ್‌ಗೆ ಎಣ್ಣೆ ಬಿಡಿ. ಟೂಸ್ಟ್ರೋಕ್ ಆಗಿದ್ದರೆ ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು ಅಂತ ಬೈಕಿನ ಕೈಪಿಡಿಯಲ್ಲಿ ಇರುತ್ತದೆ. ಗೆಳೆಯರ ಮಾತು ಕೇಳಿ ಕಣ್ಣಂದಾಜಿಗೆ ಸುರಿಯಬೇಡಿ.

ಅಂಕದ ಕಾರ್ಡ್ ಕೈಗೆ ಸಿಕ್ಕರೆ ಇಟ್ಟುಕೊಳ್ಳಿ. ಒಟ್ಟು ಮೊತ್ತಕ್ಕಿಂತ 5 ಎಲ್ಲಿ ಬಿತ್ತು ಅನ್ನುವುದನ್ನು ನೋಡಿ. ಮೂರು ಸುತ್ತಿನಲ್ಲೂ ಒಂದೇ ಸೆಕ್ಷನ್‌ನಲ್ಲಿ 5 ಬಿದ್ದಿದ್ದರೆ ಅಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳಿ. ಬಲ ತಿರುವು ಇತ್ತೇ, ಇಳಿಜಾರಿತ್ತೇ, ಒದ್ದೆ ಬೇರಿತ್ತೇ. ಮುಂದಿನ ವಾರ ಬಯಲಿನಲ್ಲಿ ಕಲ್ಲಿಡುವಾಗ ಅದನ್ನೇ ಇಡಿ. ನಿಮ್ಮ ವರ್ಗದಲ್ಲಿ 5 ಬೀಳುವುದು ನಿಂತು, 1 ಮತ್ತು ಸೊನ್ನೆಯೇ ಜಾಸ್ತಿ ಬರತೊಡಗಿದಾಗ ಮೇಲಿನ ವರ್ಗಕ್ಕೆ ಹೆಸರು ಕೊಡಿ.