ಹಳೆ ಕಾರಿನ ಅಲಾರಂ ರಿಮೋಟ್ ಮತ್ತು ಕೀಪ್ಯಾಡ್: ನಾನೇ ಸರಿಮಾಡಿಕೊಂಡ ಬಗೆ

ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಇಂಜಿನ್ ಇವತ್ತಿಗೂ ಗಟ್ಟಿ. ಕೈಕೊಟ್ಟಿದ್ದು ಅಲಾರಂ. ಮೊದಲು ರಿಮೋಟ್ ಮಂಕಾಯಿತು. ಇಪ್ಪತ್ತು ಹೆಜ್ಜೆ ದೂರದಿಂದ ಬಾಗಿಲು ತೆಗೆಯುತ್ತಿದ್ದದ್ದು, ಬರಬರುತ್ತಾ ಕಿಟಕಿ ಗಾಜಿನ ಪಕ್ಕ ಹಿಡಿದು ನಾಲ್ಕು ಸಲ ಒತ್ತಿದರೂ ಕೇಳದಂತಾಯಿತು. ಅದೇ ವಾರ ಡ್ಯಾಶ್‌ಬೋರ್ಡಿನ ಕೀಪ್ಯಾಡ್ ಕೂಡ ಸರಿಯಾದ ಕೋಡನ್ನೇ ತಪ್ಪು ಅನ್ನತೊಡಗಿತು. ನಾಲ್ಕಂಕಿಯ ಆ ಕೋಡ್ ಒತ್ತದೆ ಇಂಜಿನ್ ಹತ್ತುವುದಿಲ್ಲ. ತೋರಿಸಿದ ಕಡೆಯೆಲ್ಲ ಸಿಕ್ಕಿದ್ದು ಒಂದೇ ಉತ್ತರ: "ಇದರ ಪಾರ್ಟ್ಸ್ ಈಗ ಸಿಗಲ್ಲ, ಪೂರ್ತಿ ಕಿತ್ತು ಹೊಸದು ಹಾಕಿಸಿ." ನನ್ನ ಮನಸ್ಸು ಒಪ್ಪಲಿಲ್ಲ.

ಎರಡೂ ಒಟ್ಟಿಗೆ ಕೆಟ್ಟರೆ ಕಾರಣ ಒಂದೇ ಇರಬೇಕು ಅನ್ನಿಸುತ್ತೆ, ಅಲ್ವಾ? ಹಾಗಾಗಿ ಮೊದಲು ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಾಧನ) ಹಿಡಿದು ಕಾರಿನ ಬ್ಯಾಟರಿ ನೋಡಿದೆ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಸ್ಟಾರ್ಟರ್ ತಿರುಗುವಾಗ 10.4. ಬ್ಯಾಟರಿಯಲ್ಲಿ ತಪ್ಪಿಲ್ಲ. ಅಲ್ಲಿಂದ ಮುಂದೆ ರಿಮೋಟನ್ನೂ ಕೀಪ್ಯಾಡನ್ನೂ ಬೇರೆ ಬೇರೆ ರೋಗ ಅಂತಲೇ ನೋಡಿದೆ. ಆ ನಿರ್ಧಾರದಿಂದಲೇ ಕೆಲಸ ಮುಂದೆ ಸಾಗಿತು.

ರಿಮೋಟ್ ಒಳಗಿನ ನಾಣ್ಯದಾಕಾರದ ಸೆಲ್ ಬದಲಾಯಿಸಿದೆ. ಎರಡು ದಿನ ಚೆನ್ನಾಗಿತ್ತು, ಮತ್ತೆ ಹಳೇ ಕಥೆ. ಸೆಲ್ ಹೊರಗೆ ತೆಗೆದು ಅಳೆದರೆ 3.1 ವೋಲ್ಟ್. ಹೊಸ ಸೆಲ್, ಸರಿಯಾಗಿಯೇ ಇದೆ. ಒಂದು ಮಾತು: ಸಿಆರ್ 2032 ಹಾಕಬೇಕಾದ ಕಡೆ ಸಿಆರ್ 2025 ಹಾಕಬೇಡಿ. ಎರಡರ ಅಗಲವೂ 20 ಮಿಲಿಮೀಟರ್, ಆದರೆ ದಪ್ಪ 2032ರದು 3.2, 2025ರದು 2.5. ತೆಳ್ಳಗಿನದೂ ಒಳಗೆ ಕೂರುತ್ತದೆ, ಆದರೆ ಸೆಲ್ಲನ್ನು ಹಿಡಿದಿಡುವ ಲೋಹದ ಕ್ಲಿಪ್ ಬಿಗಿಯಾಗಿ ತಾಗುವುದಿಲ್ಲ.

ಸೆಲ್ಲನ್ನು ಹೊರಗೆ ಅಳೆದರೆ ಅರ್ಧ ವಿಷಯ ಮಾತ್ರ ಗೊತ್ತಾಗುವುದು. ಅದಕ್ಕೇ ಸೆಲ್ ಒಳಗೇ ಇಟ್ಟು, ಬಟನ್ ಒತ್ತಿ ಹಿಡಿದು ಅಳೆದೆ. ಸೆಲ್ಲಿನ ಎರಡು ಮುಖದ ಮೇಲೆ 2.9 ವೋಲ್ಟ್. ಆದರೆ ರಿಮೋಟಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ, ಕ್ಲಿಪ್ಪಿನ ಬೆಸುಗೆ ದಾಟಿದ ಜಾಗದಲ್ಲಿ, 2.1. ನಡುವೆ 0.8 ವೋಲ್ಟ್ ಎಲ್ಲಿ ಹೋಯಿತು? ಭೂತಗನ್ನಡಿ ಹಿಡಿದು ನೋಡಿದೆ. ಕ್ಲಿಪ್ಪಿನ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಉಂಗುರ. ಬೆಸುಗೆ ಬಿರುಕು ಬಿಟ್ಟಿತ್ತು. ಎಷ್ಟು ಸಲ ಕೈಜಾರಿ ಬಿದ್ದಿತ್ತೋ! ಸೆಲ್ ತೆಗೆದಿಟ್ಟು, ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ ಎರಡೇ ಸೆಕೆಂಡ್ ತಾಗಿಸಿ ಹೊಸ ಬೆಸುಗೆ ಹಾಕಿದೆ. ರಿಮೋಟಿನ ಕೆಂಪು ದೀಪ ಮೊದಲಿನಂತೆ ಗಟ್ಟಿಯಾಗಿ ಹೊಳೆಯಿತು.

ಆದರೆ ಕಾರು ಮಾತ್ರ ಅಲುಗಲಿಲ್ಲ. ಈ ಹಂತದಲ್ಲಿ ಎಷ್ಟೋ ಜನ ಕೈಬಿಡುತ್ತಾರೆ. ಈ ತರಹದ ರಿಮೋಟ್ ಪ್ರತಿ ಸಲ ಒತ್ತಿದಾಗಲೂ ಹೊಸ ಕೋಡ್ ಕಳಿಸುತ್ತದೆ. ಕದ್ದು ಕೇಳಿಸಿಕೊಂಡವರು ಹಳೇ ಕೋಡನ್ನೇ ಮತ್ತೆ ಕಳಿಸಿ ಬಾಗಿಲು ತೆಗೆಯಬಾರದು ಅಂತ ಆ ಏರ್ಪಾಡು. ಕಾರಿನೊಳಗಿನ ರಿಸೀವರ್ ತಾನು ಕೊನೆಗೆ ಕೇಳಿದ ಕೋಡಿನಿಂದ ಸ್ವಲ್ಪ ಮುಂದಿನವರೆಗೆ ಮಾತ್ರ ಒಪ್ಪುತ್ತದೆ. ತುಂಬಾ ಬಳಕೆಯಲ್ಲಿದ್ದ ಒಂದು ಬಗೆಯಲ್ಲಿ ಈ ಮಿತಿ 16 ಕೋಡ್. ನಾನು ಮೇಜಿನ ಮೇಲೆ ಅಳೆಯುತ್ತಾ ನೂರಾರು ಸಲ ಒತ್ತಿದ್ದೆ. ರಿಮೋಟ್ ಎಲ್ಲೋ ಮುಂದೆ ಹೋಗಿತ್ತು, ಕಾರು ಹಿಂದೇ ಉಳಿದಿತ್ತು. ಹೀಗಾದಾಗ ಕಾರಿನ ಪಕ್ಕ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಎರಡು ಕೋಡ್ ಸಾಲಾಗಿ ಬಂದರೆ ರಿಸೀವರ್ ಹೊಸ ಲೆಕ್ಕ ಹಿಡಿಯುತ್ತದೆ. ಎಲ್ಲ ಕಾರಿಗೂ ಇದು ನಡೆಯುವುದಿಲ್ಲ, ಕೆಲವಕ್ಕೆ ರಿಮೋಟನ್ನು ಮತ್ತೆ ಕಲಿಸಬೇಕು. ನನ್ನದಕ್ಕೆ ಎರಡು ಸಲ ಒತ್ತಿದ್ದೇ ಸಾಕಾಯಿತು. ಆ ಲಾಕ್ ತೆರೆದ ಸದ್ದು ಕೇಳಿ ನಿಜವಾಗ್ಲೂ ಖುಷಿಯಾಯಿತು.

ಇನ್ನು ಕೀಪ್ಯಾಡ್. ಇದರ ತೊಂದರೆ ಹುಡುಕಲು ಮೀಟರ್ ಬೇಕಾಗಲಿಲ್ಲ, ಕಿವಿ ಸಾಕಾಯಿತು. ಒಂದೊಂದು ಅಂಕಿಗೂ ಒಂದು ಬೀಪ್ ಬರಬೇಕು. ನಿಧಾನವಾಗಿ ಒತ್ತುತ್ತಾ ಎಣಿಸಿದೆ. 7 ಒತ್ತಿದಾಗ ಒಮ್ಮೆ ಬೀಪ್, ಒಮ್ಮೆ ಮೌನ. ಕೋಡ್ ತಪ್ಪಿರಲಿಲ್ಲ, ಒಂದು ಅಂಕಿ ತಲುಪುತ್ತಲೇ ಇರಲಿಲ್ಲ. ಹೀಗಿರುವಾಗ ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ನನ್ನ ಕೀಪ್ಯಾಡ್ ಮೂರು ಸಲ ತಪ್ಪಾದರೆ ಸ್ವಲ್ಪ ಹೊತ್ತು ಏನನ್ನೂ ಕೇಳುವುದಿಲ್ಲ. ಬ್ಯಾಟರಿ ತಂತಿ ಬಿಚ್ಚಿ ರೀಸೆಟ್ ಮಾಡೋಣ ಅಂತಲೂ ಹೊರಡಬೇಡಿ. ಹಲವು ಹಳೆ ಸೈರನ್‌ಗಳಿಗೆ ಒಳಗೇ ಸ್ವಂತ ಬ್ಯಾಟರಿ ಇರುತ್ತದೆ. ತಂತಿ ಬಿಚ್ಚಿದರೆ ಕಳ್ಳ ಬಂದ ಅಂತಲೇ ಕೂಗುತ್ತವೆ.

ಕೀಪ್ಯಾಡ್ ಬಿಚ್ಚಿದೆ. ರಬ್ಬರ್ ಹಾಳೆಯ ಹಿಂದೆ ಪ್ರತಿ ಬಟನ್ನಿಗೂ ಒಂದು ಕಪ್ಪು ಕಾರ್ಬನ್ ಬೊಟ್ಟು. ಒತ್ತಿದಾಗ ಬೋರ್ಡಿನ ಮೇಲಿನ ಸಂಪರ್ಕ ಕೂಡಿಸುವುದು ಅದೇ. 7ರ ಬೊಟ್ಟು ಸವೆದು ಹೊಳೆಯುತ್ತಿತ್ತು. ಮೀಟರ್ ಇಟ್ಟರೆ ಒಳ್ಳೆ ಬೊಟ್ಟುಗಳು ನೂರಿನ್ನೂರು ಓಮ್, ಇದು ಸಾವಿರಗಟ್ಟಲೆ. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಬೋರ್ಡ್ ಒರೆಸಿದೆ. ಬೊಟ್ಟನ್ನು ಮಾತ್ರ ಹಗುರವಾಗಿ ಸವರಿದೆ. ಜಾಸ್ತಿ ಉಜ್ಜಿದರೆ ಉಳಿದ ಕಾರ್ಬನ್ನೂ ಹೋಗುತ್ತೆ. 7 ಮತ್ತೆ ಬೀಪ್ ಅಂದಿತು, ಆದರೆ ಎಷ್ಟು ದಿನ ಅಂತ ಧೈರ್ಯ ಇರಲಿಲ್ಲ.

ಆಗ ಮುಂಭಾಗ ತಿರುಗಿಸಿ ನೋಡಿ ಗಾಬರಿಯಾಯಿತು. ವರ್ಷಗಟ್ಟಲೆ ಒತ್ತಿದ ನಾಲ್ಕು ಅಂಕಿಗಳ ಬಣ್ಣ ಮಾಸಿತ್ತು. ಉಳಿದವು ಹೊಸದರಂತೆ. ಯಾವ ನಾಲ್ಕು ಅಂತ ಗೊತ್ತಾದರೆ ಜೋಡಿಸುವ ಬಗೆ ಇಪ್ಪತ್ತನಾಲ್ಕೇ! ಹತ್ತು ಸಾವಿರದಿಂದ ಇಪ್ಪತ್ತನಾಲ್ಕಕ್ಕೆ. 7 ಕೆಲಸ ಮಾಡುತ್ತಿರುವಾಗಲೇ ಹಳೆ ಕೋಡ್ ಹಾಕಿ, ಯಾರೂ ಮುಟ್ಟದ ಅಂಕಿಗಳಿಂದ ಹೊಸ ಕೋಡ್ ಇಟ್ಟೆ. ಆ ಬೊಟ್ಟುಗಳಲ್ಲಿ ಕಾರ್ಬನ್ ಇನ್ನೂ ಪೂರ್ತಿ ಇದೆ. ಗುಟ್ಟೂ ಉಳಿಯಿತು, ಬಟನ್ನಿನ ತೊಂದರೆಯೂ ತಪ್ಪಿತು.

ಈಗ ಉಳಿದಿರುವುದು ಬಾನೆಟ್ ಕೆಳಗಿನ ಪಿನ್ ಸ್ವಿಚ್, ಅಂದರೆ ಬಾನೆಟ್ ತೆರೆದರೆ ಅಲಾರಂಗೆ ತಿಳಿಸುವ ಸ್ವಿಚ್. ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿದೆ. ಇದು ಹೀಗೇ ಬಿಟ್ಟರೆ ರಾತ್ರಿ ಕಾರಣವಿಲ್ಲದೆ ಅಲಾರಂ ಕೂಗುತ್ತದೆ. ಭಾನುವಾರ ಅದನ್ನು ಬಿಚ್ಚಬೇಕು.